ಎಮ್ಮೆ ಕಲಿಸಿದ ಜಪ

ಪಂಜಾಬಿನ ಬಟಾಲಾದ ಬಟ್ಟೆ ವ್ಯಾಪಾರಿ ಬಲಕಾರ್ ಸಿಂಗ್ ದಿನವೂ ಕಣ್ಣು ಮುಚ್ಚಿ 'ವಾಹೆಗುರು' ಎಂದು ದೇವರ ನಾಮಜಪಕ್ಕೆ ಕೂರುತ್ತಿದ್ದ. ಮನಸ್ಸು ಮಾತ್ರ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿತ್ತು. ಹೆಂಡತಿ ನಸೀಬ್ ಕೌರ್ ಜಪಿಸುತ್ತಿದ್ದುದು ಎಮ್ಮೆಯ ಹಾಲು ಕರೆಯುವಾಗ.

"ಸಗಣಿ ವಾಸನೇಲಿ ಎಂಥಾ ಜಪ ಕಣೇ?" ಎಂದು ಅವನು ಛೇಡಿಸುತ್ತಿದ್ದ.

ಗುರುದ್ವಾರದ ಪಾಯಸಕ್ಕೆ ಹಾಲು ಕೊಡಲು ಒಪ್ಪಿಕೊಂಡಿದ್ದ ದಿನವೇ ಅವಳ ಕೈ ಉಳುಕಿತು. ಅವನೇ ಕರೆಯಲು ಕೂತರೆ ಎಮ್ಮೆ ತೊಟ್ಟು ಹಾಲೂ ಇಳಿಸಲಿಲ್ಲ.

"ನಾಮ ಹೇಳಿ, ಸರ್ದಾರ್‌ಜಿ! ಅದು ಕೇಳ್ದೆ ಎಮ್ಮೆ ಹಾಲು ಬಿಡಲ್ಲ," ಎಂದಳು ನಸೀಬ್.

ಅವನು ಗಡಬಡಿಸಿ ಹೇಳಿದ. ಎಮ್ಮೆ ಒದೆಯಿತು.

"ಗಿರಾಕೀನ ಕೂಗಿದ ಹಾಗಲ್ಲ, ಮೆಲ್ಲಗೆ!"

ಪ್ರತಿ ಸಲ ಹಿಂಡಿದಾಗಲೂ ಮೆಲ್ಲಗೆ ವಾಹೆಗುರು ಎನ್ನುತ್ತ ಹೋದ. ಹಾಲು ಸುರಿಯಿತು. ನೊರೆ ಉಕ್ಕಿ ಮೊಣಕಾಲಿಗೆ ಚೆಲ್ಲಿದಾಗಲೇ ಅವನಿಗೆ ಹೊಳೆದದ್ದು, ಇಷ್ಟು ಹೊತ್ತೂ ಅಂಗಡಿ ನೆನಪಾಗಿರಲಿಲ್ಲ ಎಂಬುದು.

"ಬಕೆಟ್ ತುಂಬ್ತು, ಏಳ್ರೀ!"

"ಸುಮ್ನಿರೇ," ಎಂದು ನಕ್ಕ ಬಲಕಾರ್, "ಇನ್ನೊಂದು ಬಕೆಟ್ ತಾ. ನನ್ನ ಜಪ ಈಗ ತಾನೆ ಶುರುವಾಗಿದೆ."