ಎಳೆ ಕಚ್ಚುವ ಹಲ್ಲು

ಗೇಕ್ ಚೂ ಆಮಾ ಶುದ್ಧ ಬಾಯಿಬಡುಕಿ. ಪಕ್ಕದಲ್ಲೇ ಸೋಯಾ ಹಾಲು ಮಾರಿಕೊಂಡು ಆಯುಷ್ಯವಿಡೀ ಅವಳ ಮಾತಿಗೆ ಕಿವಿ ಸವೆಸಿದವಳು ನಾನು, ನಂಬಿ. ಆಮಾ ಅಂದರೆ ಅಜ್ಜಿ. ನಮ್ಮ ಗಲ್ಲಿಗೆಲ್ಲ ಅವಳು ಅಜ್ಜಿಯೇ. ಆದರೆ ಕೆಲಸಕ್ಕೆ ಕೂತಳೆಂದರೆ ಇಡೀ ಪೆನಾಂಗ್ ದ್ವೀಪದಲ್ಲಿ ಅವಳಷ್ಟು ಮೌನಿ ಇನ್ನೊಬ್ಬಳಿಲ್ಲ. ಅವಳದು ನೂಲಿನಿಂದ ಮುಖದ ಕೂದಲು ತೆಗೆಯುವ ಕೆಲಸ. ಗಿರಾಕಿಯ ಮುಖಕ್ಕೆ ಬಿಳಿ ಪುಡಿ ಬಳಿದು, ನೂಲನ್ನು ಎರಡೂ ಕೈಗೆ ಹೆಣೆದು, ಒಂದು ತುದಿಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ಸರ್ರನೆ ಎಳೆಯಬೇಕು. ಬಾಯಿ ಬಿಟ್ಟರೆ ನೂಲು ಹೋಯಿತು. ಹಾಗಾಗಿ ಹೆಂಗಸರೆಲ್ಲ ಕಣ್ಣು ಮುಚ್ಚಿಕೊಂಡು ಮನೆಯ ಗುಟ್ಟು ಅವಳ ಮುಂದೆ ಸುರಿಯುತ್ತಿದ್ದರು. ಅವಳು "ಹ್ಞೂಂ" ಅನ್ನುತ್ತಿದ್ದಳು, ಅಷ್ಟೇ.

ಪೇ ಯಿಂಗ್ ಇದೇ ಗಲ್ಲಿಯ ಹುಡುಗಿ. ತಾಯಿ ಇಲ್ಲದ ಮಗು, ಆಮಾಳ ಹೊಸ್ತಿಲ ಮೇಲೆಯೇ ಬೆಳೆದದ್ದು. ಈಗ ಮಾಲ್‌ನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ, ಕೂದಲು ಸುಡುವ ಲೇಸರ್ ಯಂತ್ರ ಇಟ್ಟಿದ್ದಾಳೆ. ತನ್ನ ಮುಖಕ್ಕೆ ಮಾತ್ರ ಅದನ್ನು ಮುಟ್ಟಿಸುವುದಿಲ್ಲ. ತಿಂಗಳಿಗೊಮ್ಮೆ ಫ್ರಿಜ್ಜಿನಲ್ಲಿಟ್ಟ ಕೊರಿಯಾ ಸೀರಮ್ಮು, ಮುಖಕ್ಕೆ ಅಂಟಿಸುವ ಶೀಟ್ ಮಾಸ್ಕು ಎಲ್ಲ ಐಸ್ ಡಬ್ಬಿಯಲ್ಲಿ ತುಂಬಿಕೊಂಡು ಬಂದು ಆಮಾಳ ಮಣೆಯ ಮೇಲೆ ಕೂರುವಳು.

"ಮೊದ್ಲು ನಿನ್ನ ನೂಲು, ಆಮೇಲೆ ಕೊರಿಯಾದ್ದು. ಇಲ್ದಿದ್ರೆ ಆ ದುಬಾರಿ ನೀರೆಲ್ಲ ಕೂದಲಿಗೇ ಹೋಗುತ್ತೆ ಆಮಾ," ಅನ್ನುವಳು.

ಈ ಪೇ ಯಿಂಗ್‌ಗೆ ಮದುವೆ ಗೊತ್ತಾಯಿತು. ಮದುವೆಯ ಮುನ್ನಾದಿನ ಮದುಮಗಳ ಮುಖದ ಕೂದಲನ್ನು ನೂಲಿನಿಂದ ಮೊದಲ ಸಲ ತೆಗೆದು ಮುಖ ತೆರೆಸುವ ಶಾಸ್ತ್ರವಾಗಲೇಬೇಕು, ಅದೂ ಗಂಡ ಬದುಕಿರುವ, ಮಕ್ಕಳಿರುವ ಹೆಂಗಸಿನ ಕೈಯಿಂದ ಎಂದು ಗಂಡಿನ ಸೋದರತ್ತೆ ಹೇಳಿ ಕಳಿಸಿದಳು. ಎಷ್ಟೋ ಸಲ ತೆರೆದ ಮುಖವನ್ನು ಮತ್ತೆ ತೆರೆಯಬೇಕಂತೆ. ಆಗಲಿ, ಗಂಡ ಮಕ್ಕಳು ಇರುವ ಆಮಾ ಇದ್ದಾಳಲ್ಲ. ಆಮಾ ಸಂಭ್ರಮಕ್ಕೆ ಹುರಿದ ಹಂದಿ ತರಿಸಿದಳು. ಗರಿಗರಿ ಚರ್ಮ ಕಟಂ ಎಂದು ಕಡಿದಳು. ಬಾಯಲ್ಲಿ ಉಳಿದಿದ್ದವೇ ಎರಡು ಹಲ್ಲು, ಎರಡೂ ಹಂದಿಯ ಜೊತೆಗೆ ಬಂದವು.

ಡಾಕ್ಟರು ಕಟ್ಟಿಸಿದ ಹಲ್ಲಿನ ಸೆಟ್ಟು ಕೊಟ್ಟರು. ಮೊದಲ ಗಿರಾಕಿ ಮೀನಂಗಡಿಯ ಹೆಂಗಸು. ಆಮಾ ನೂಲು ಕಚ್ಚಿ ಒಂದೇ ಎಳೆತ ಎಳೆದದ್ದಕ್ಕೆ ಸೆಟ್ಟೇ ಕಿತ್ತು ಹಾರಿತು. ಆ ಹೆಂಗಸು ಕಣ್ಣೂ ಬಿಡದೆ, "ಆಮಾ, ನಿಮ್ಮ ಬಾಯಿ ನನ್ನ ಮಡಿಲಲ್ಲಿದೆ," ಅಂದಳು.

ನಾನು ನಕ್ಕು ನಕ್ಕು ಹಾಲು ಚೆಲ್ಲಿದೆ. ಆಮಾ ನಗಲಿಲ್ಲ. ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ನೂಲು ಕಟ್ಟಿ ನೋಡಿದಳು. ಮುಖ ಹೊರಳಿದ ಕಡೆ ಮೊಳೆ ಹೊರಳುತ್ತದೆಯೇ? ಅಷ್ಟರಲ್ಲಿ ಸುದ್ದಿ ಸೋದರತ್ತೆಗೆ ಮುಟ್ಟಿ, ಆಚೆ ದಡದಿಂದ ನೂಲಿನ ಕೆಲಸದ ಬೇರೊಬ್ಬಳನ್ನು ಫೆರ್ರಿ ದೋಣಿಯಲ್ಲಿ ಕರೆತರುತ್ತೇನೆ ಎಂದು ಫೋನ್ ಬಂತು.

"ಬೇರೆಯವಳ ಕೈ ತಾಗೋದಾ ಆ ಮಗೂಗೆ?" ಆಮಾ ನನ್ನ ಮುಂದೆ ಬೊಚ್ಚುಬಾಯಲ್ಲಿ ಅತ್ತಳು. "ಇದೊಂದು ಕೆಲ್ಸಕ್ಕೇಂತ ಕಾದಿದ್ನಲ್ಲೇ ನಾನು."

ಅವಳ ಗಂಡ ಬೂನ್ ಲಿಯಾಂಗ್ ಮೂಲೆಯಲ್ಲಿ ಕಡಲೆಕಾಯಿ ಜಗಿಯುತ್ತಿದ್ದ. ಫೆರ್ರಿಯಲ್ಲಿ ಹಗ್ಗ ಎಳೆದು ನಿವೃತ್ತನಾದವನು. ಅವನು ಬಾಯಿ ತೆರೆಯುವುದು ಉಣ್ಣುವುದಕ್ಕೆ ಮಾತ್ರ. "ಆ ಮುದುಕನಲ್ಲಿ ಹಲ್ಲೊಂದು ಬಿಟ್ರೆ ಇನ್ನೇನೂ ನೆಟ್ಟಗಿಲ್ಲ," ಎಂದು ಆಮಾ ದಿನಕ್ಕೊಮ್ಮೆ ಹೇಳದಿದ್ದರೆ ನಮಗೆ ಬೆಳಗಾಗುತ್ತಿರಲಿಲ್ಲ. ಅವನು ಎದ್ದು ಬಂದ. ಮೊಳೆಯಿಂದ ನೂಲು ಬಿಚ್ಚಿದ. ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಹೆಂಡತಿಯ ಪಕ್ಕ ಕೂತ.

ಅಭ್ಯಾಸಕ್ಕೆ ಬಲಿಪಶು ನಾನೇ. ಮೊದಲ ದಿನ ಅವರು ಕಿತ್ತ ಹುಬ್ಬು ಇನ್ನೂ ಪೂರ್ತಿ ಬಂದಿಲ್ಲ. ಅದಕ್ಕಿಂತ ದೊಡ್ಡ ಗಂಡಾಂತರ ಆಮೇಲೆ ಹೊಳೆಯಿತು: ಈಗ ಆಮಾಳ ಬಾಯಿ ಖಾಲಿ. ಕೆಲಸ ಮಾಡುತ್ತಲೇ, "ಅವತ್ತು ನಿನ್ನ ನಾದಿನಿ ವಿಷ್ಯ ಹೇಳಿದ್ಯಲ್ಲ," ಎಂದು ಶುರುಮಾಡಿದಳು. ಇನ್ನು ಗಲ್ಲಿಯ ಮಾನ ಉಳಿದ ಹಾಗೇ ಅಂದುಕೊಂಡೆ.

ಶಾಸ್ತ್ರದ ದಿನ ಸೋದರತ್ತೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಫೆರ್ರಿಯಲ್ಲಿ ಕರೆತಂದವಳೂ ತನ್ನ ನೂಲಿನುಂಡೆ ಹಿಡಿದು ಪಕ್ಕದಲ್ಲೇ ಇದ್ದಳು.

"ಗಂಡಸು ಮದುಮಗಳ ಮುಖ ತೆರೆಸೋದನ್ನ ಎಲ್ಲಾದ್ರೂ ಕೇಳಿದೀರಾ?" ಅಂದಳು ಸೋದರತ್ತೆ.

"ಗಂಡ ಬದುಕಿರೋವ್ಳು ಬೇಕು ಅಂದೋರು ನೀವೇ ಅಲ್ವಾ?" ಅಂದಳು ಆಮಾ. "ಇಗೋ, ಬದುಕಿದಾನೆ. ಬೇಕಿದ್ರೆ ಹತ್ರ ಬಂದು ಉಸಿರು ನೋಡ್ಕೊಳ್ಳಿ."

ಬೂನ್ ಲಿಯಾಂಗ್ ನೂಲು ಕಚ್ಚಿಕೊಂಡೇ ತಲೆಯಾಡಿಸಿದ. ಫೆರ್ರಿಯವಳಿಗೆ ನಗು ಬಂದುಬಿಟ್ಟಿತು. ಸೋದರತ್ತೆ ಕುರ್ಚಿ ಎಳೆದುಕೊಂಡಳು.

ಪೇ ಯಿಂಗ್ ಕಣ್ಣು ಮುಚ್ಚಿದಳು. ಸರ್, ಸರ್ ಎಂದು ನೂಲು ಓಡತೊಡಗಿತು. ಒಂದು ಕೆನ್ನೆ ಮುಗಿಯುವ ಹೊತ್ತಿಗೆ, ಆಮಾಳ ಬಾಯಿ ಖಾಲಿಯಿದೆ ಎನ್ನುವುದನ್ನೂ ಸೋದರತ್ತೆ ಅಲ್ಲೇ ಕೂತಿದ್ದಾಳೆ ಎನ್ನುವುದನ್ನೂ ಹುಡುಗಿ ಮರೆತಳು. ಹಳೆಯ ಅಭ್ಯಾಸದಂತೆ ಮೆಲ್ಲಗೆ ಶುರುಮಾಡಿದಳು.

"ಆಮಾ, ನಂಗೆ ಭಯ. ಅವ್ನು ಮಾತೇ ಆಡಲ್ಲ. ಎದುರಿಗೆ ಕೂತು ನೂಡಲ್ಸ್ ತಿಂದು ಎದ್ದು ಹೋಗ್ತಾನೆ. ಅಂಥವನ ಜೊತೆ ಹೇಗೆ ಬಾಳ್ಲಿ?"

ಸೋದರತ್ತೆಯ ಮುಖ ಬಿಗಿಯಿತು. ಗಂಟಲಿಗೆ ಬಂದ ಮಾತು ಎಂದೂ ನುಂಗದ ಆಮಾ ಈಗ ಏನಂದುಬಿಡುತ್ತಾಳೋ ಎಂದು ನಾನು ಮಣೆಯ ಹತ್ತಿರ ಸರಿದೆ. ಆಮಾ ಕೈ ನಿಲ್ಲಿಸಿದಳು. ಅವಳದು, ಗಂಡನದು, ಹುಡುಗಿಯದು, ಮೂರೂ ಮುಖ ಒಂದು ಗೇಣಿನೊಳಗಿದ್ದವು. ಗಂಡನನ್ನು ನೋಡಿದಳು. ಅವನ ಬಾಯಿಂದ ಜೊಲ್ಲು ಇಳಿದು ಗಲ್ಲದವರೆಗೆ ಬಂದಿತ್ತು, ಒರೆಸಿಕೊಳ್ಳಲೂ ಅವನು ಅಲುಗಾಡಿರಲಿಲ್ಲ.

"ಇವನೂ ಆಡಲ್ಲ ಕಣೇ," ಅಂದಳು. "ಮೊದಲನೇ ವರ್ಷ ದಿನಾ ಅತ್ತಿದೀನಿ. ಮಾತಾಡಲ್ಲ ಅಂತ ಬೈದು ಬೈದೇ ಮುದುಕಿ ಆದೆ. ಆದ್ರೆ ನಂಗೆ ಏನು ಬೇಕು ಅಂತ ಇವನಿಗೆ ಬಾಯಿಬಿಟ್ಟು ಹೇಳಬೇಕಾಗೇ ಬರ್ಲಿಲ್ಲ. ಅದು ನಂಗೆ ಗೊತ್ತಾಗಿದ್ದು ಮೊನ್ನೆ."

ತನ್ನ ಅಂಗಿಯ ತೋಳಿನಿಂದಲೇ ಅವನ ಗಲ್ಲ ಒರೆಸಿದಳು. ಬೂನ್ ಲಿಯಾಂಗನ ಕಣ್ಣು ತುಂಬಿತು. ಅವನು ಏನೋ ಹೇಳಲು ತುಟಿ ಸಡಿಲಿಸಿದ.

"ಬಾಯಿ ಮುಚ್ಚು ಮುದುಕಾ," ಅಂದಳು ಆಮಾ. "ಇನ್ನೊಂದು ಕೆನ್ನೆ ಬಾಕಿ ಇದೆ."