ಕಾಶಿಬಾಯಿ ಬೇಡಿ ತಂದ ದ್ರಾಕ್ಷಿ

ಶಾಲೆಗೆ ಹಲ್ಲಿನ ಡಾಕ್ಟರು ಬಂದ ದಿನ ಕಾಶಿಬಾಯಿ ಸಾರಿನ ಪಾತ್ರೆಗೆ ಮುಚ್ಚಳ ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತಳು. ಡಾಕ್ಟರು ಒಂದೊಂದೇ ಮಗುವಿನ ಬಾಯಿಗೆ ಬ್ಯಾಟರಿ ಬಿಟ್ಟು ನೋಡುತ್ತಿದ್ದರು. ಅರವತ್ತೊಂದು ಮಕ್ಕಳಲ್ಲಿ ನಲವತ್ತಾರು ಮಕ್ಕಳ ಹಲ್ಲು ಹುಳುಕು. ಎರಡನೆಯ ಇಯತ್ತೆಯ ಸೀಮಾಳ ಮುಂದಿನ ನಾಲ್ಕು ಹಲ್ಲುಗಳಂತೂ ಕರಿ ಕೂಳೆಯಾಗಿ ಉಳಿದಿದ್ದವು.

"ಹುಡುಗರಿಗೆ ಸಕ್ಕರಿ ಕಡಿಮಿ ಮಾಡ್ರಿ. ಕಾಯಿಪಲ್ಯ, ಹಣ್ಣ ತಿನ್ನಸ್ರಿ" ಎಂದರು ಡಾಕ್ಟರು.

ಮಾಸ್ತರರು ನಕ್ಕರು. ಸುತ್ತ ಎತ್ತ ನೋಡಿದರೂ ಕಬ್ಬು. ದೀಪಾವಳಿ ಬಂತೆಂದರೆ ಕಾರ್ಖಾನೆಗೆ ಕಬ್ಬು ಕಳಿಸುವವರ ಮನೆಗೆ ಕಡಿಮೆ ದರದ ಸಕ್ಕರೆ ಚೀಲಗಟ್ಟಲೆ ಬರುತ್ತದೆ. ಕೂಲಿಯವರ ಮಕ್ಕಳು ಮುಂಜಾನೆ ಚಹಾದಲ್ಲಿ ಚಪಾತಿ ಅದ್ದಿ ತಿಂದು ಶಾಲೆಗೆ ಬರುತ್ತವೆ, ಸಂಜೆ ಚಹಾದಲ್ಲಿ ಟೋಸ್ಟು ಅದ್ದುತ್ತವೆ. ಅಂಥ ಊರಲ್ಲಿ ಸಕ್ಕರೆ ಕಡಿಮೆ ಮಾಡಿ ಎನ್ನುವುದು ಹೊಳೆದಂಡೆಯಲ್ಲಿ ನಿಂತು ನೀರು ಮುಟ್ಟಬೇಡಿ ಎಂದ ಹಾಗೆ. ಕಾಶಿಬಾಯಿ ಮಾತ್ರ ನಗಲಿಲ್ಲ. ಹಿಂದಿನ ವಾರವಷ್ಟೇ ಸೀಮಾ ಗಲ್ಲ ಹಿಡಿದುಕೊಂಡು ಅಡುಗೆ ಕೋಣೆಯ ಗೋಡೆಗೆ ಒರಗಿ ಅತ್ತಿದ್ದಳು. ಅವಳ ಹಲ್ಲಿಗೆ ಲವಂಗ ಒತ್ತಿ ಹಿಡಿದು ಕೂತವಳು ಕಾಶಿಬಾಯಿಯೇ.

ಶೇಡಬಾಳದಿಂದ ಮೂರು ಕಿಲೋಮೀಟರ್ ಆಚೆ ಇರುವ ಬನ್ನಿಗಿಡ ತೋಟ ಎಂಬ ವಸ್ತಿಯ ಶಾಲೆ ಅದು. ಕಾಶಿಬಾಯಿ ಅಲ್ಲಿ ಹದಿನಾರು ವರ್ಷದಿಂದ ಬಿಸಿಯೂಟ ಬೇಯಿಸುತ್ತಿದ್ದಳು. ತವರು ಬೋರಗಾಂವ. ಗಂಡ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ತೀರಿಕೊಂಡಾಗ ಅವಳಿಗೆ ಮೂವತ್ತಾರು. ಮಕ್ಕಳಾಗಿರಲಿಲ್ಲ. ಮಗ್ಗದ ಊರಾದ ತವರಿಗೆ ತಿರುಗಿ ಹೋಗದೆ ಇಲ್ಲೇ ಉಳಿದು ಶಾಲೆಯ ಸೌಟು ಹಿಡಿದಳು. ಮಕ್ಕಳು ಅವಳನ್ನು ಕಾಶಿ ಆಯಿ ಎನ್ನುತ್ತಿದ್ದವು. ಬೈಗುಳ ಜಾಸ್ತಿ, ಬಡಿಸುವ ಕೈ ದೊಡ್ಡದು.

ಹದಿನಾರು ವರ್ಷವೂ ಅವಳಿಗೆ ಸಿಟ್ಟು ಬರುತ್ತಿದ್ದುದು ಒಂದೇ ವಿಷಯಕ್ಕೆ. ಸಾರಿನಲ್ಲಿ ಬಿದ್ದ ಬದನೆಕಾಯಿ, ಹೀರೇಕಾಯಿ, ಗಜ್ಜರಿ ಹೋಳುಗಳನ್ನೆಲ್ಲ ಮಕ್ಕಳು ಹೆಕ್ಕಿ ತಾಟಿನ ಅಂಚಿಗೆ ಸಾಲಾಗಿ ಇಡುತ್ತಿದ್ದವು. ಊಟ ಮುಗಿದ ಮೇಲೆ ಅದು ನಾಯಿ ಪಾಲು. ಡಾಕ್ಟರು ಹೋದ ಮರುದಿನ ಅವಳು ಕಾಯಿಪಲ್ಯವನ್ನೆಲ್ಲ ರುಬ್ಬಿ ಸಾರಿಗೆ ಹಾಕಿದಳು. ಮಕ್ಕಳು ಒಂದು ತುತ್ತು ಉಂಡು ಮೂಗು ಮುರಿದವು. ಆವತ್ತು ಅರ್ಧ ಪಾತ್ರೆ ಸಾರು ಉಳಿಯಿತು.

ಆಮೇಲೆ ಅವಳು ಶಾಲೆಯ ಹಿಂದಿನ ಜಾಲಿಕಂಟಿ ಕಡಿದು ಹಸನು ಮಾಡಿದಳು. ಅಕ್ಕಿ ತೊಳೆದ ನೀರು ಅಲ್ಲಿಗೇ ಹರಿಯುವಂತೆ ಕಾಲುವೆ ತೋಡಿದಳು. ಮಕ್ಕಳನ್ನು ಕರೆದು ಒಬ್ಬೊಬ್ಬರಿಗೂ ಒಂದೊಂದು ಮೊಳದಷ್ಟು ನೆಲ ಕೊಟ್ಟಳು.

"ಇದು ನಿಂದು. ನೀನ ಬಿತ್ತು, ನೀನ ನೀರ ಹಾಕು. ಇನ್ನೊಬ್ಬರದಕ್ಕ ಕೈ ಹಚ್ಚಿದ್ರ ಕೈ ಮುರೀತೀನಿ."

ಹಕ್ಕರಕಿ ಸೊಪ್ಪು ಇಪ್ಪತ್ತೈದು ದಿನಕ್ಕೆ ಬಂತು, ಮೆಂತ್ಯೆ ಅದರ ಹಿಂದೆಯೇ. ಸೀಮಾಳ ಪಾಲಿನ ನೆಲದಲ್ಲಿ ಮೂಲಂಗಿ ಎದ್ದಿತು. ಆ ಹುಡುಗಿ ದಿನಕ್ಕೆ ನಾಲ್ಕು ಸಲ ಮಣ್ಣು ಕೆದರಿ ಅದು ಎಷ್ಟು ದಪ್ಪವಾಯಿತೆಂದು ನೋಡುತ್ತಿದ್ದಳು. ಕೊನೆಗೊಂದು ದಿನ ಕಿತ್ತು, ತೊಳೆದು, ಮುಂದಿನ ಹಲ್ಲಿಲ್ಲದ್ದರಿಂದ ಅಡ್ಡ ಹಿಡಿದು ದವಡೆಯಿಂದ ಕಡಿದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಆದರೂ ಯಾರಿಗೂ ಕೊಡದೆ ಪೂರ್ತಿ ತಿಂದಳು. ಆ ಚಳಿಗಾಲ ಕಳೆಯುವಷ್ಟರಲ್ಲಿ ತಾಟಿನ ಅಂಚು ಖಾಲಿ ಉಳಿಯತೊಡಗಿತು.

ಹಣ್ಣಿನ ಮಾತು ಬೇರೆ. ಅಂಗಡಿಯಲ್ಲಿ ಐದು ರೂಪಾಯಿಗೆ ಸಿಹಿ ಸಿಗುತ್ತದೆ, ಹಣ್ಣು ಸಿಗುವುದಿಲ್ಲ. ಸೀಮಾಳ ತಾಯಿ ರೂಪಾಲಿಗೆ ಒಮ್ಮೆ ಕಾಶಿಬಾಯಿ ದಾರಿಯಲ್ಲೇ ಗದರಿದಳು. "ಆ ಕೂಸಿಗೆ ದಿನಾ ಚಾಕಲೇಟಿಗೆ ರೊಕ್ಕಾ ಕೊಡತೀಯಲ್ಲ, ಬುದ್ಧಿ ಐತೋ ಇಲ್ಲೊ?"

"ಮಾವಶಿ, ನಾ ಏಳಕ್ಕ ಕಬ್ಬಿನಾಗ ಕಳೆ ತಗ್ಯಾಕ ಹೋಗಬೇಕು. ಐದ ರೂಪಾಯಿ ಕೈಯಾಗ ಇಟ್ರ ಅಳೂದ ಬಿಟ್ಟ ಸಾಲಿಗೆ ಹೋಗತೈತಿ. ನೀವ ಬಂದ ಸಂಬಾಳಸ್ತೀರೇನ?" ಎಂದಳು ರೂಪಾಲಿ.

ವಸ್ತಿಯ ಸುತ್ತ ಕಬ್ಬಿನ ನಡುನಡುವೆ ದ್ರಾಕ್ಷಿ ತೋಟಗಳಿದ್ದವು. ಎಲ್ಲಕ್ಕೂ ದೊಡ್ಡದು ಲಗಮಣ್ಣನದು. ಶಾಲೆಯ ಅಭಿವೃದ್ಧಿ ಸಮಿತಿಯ ಅಧ್ಯಕ್ಷನೂ ಅವನೇ. ಅವನ ದ್ರಾಕ್ಷಿ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿತ್ತು, ಉಳಿದದ್ದು ಒಣದ್ರಾಕ್ಷಿ ಮಾಡುವ ಮನೂಕಾ ಶೆಡ್ಡಿಗೆ. ಆ ಗೊಂಚಲುಗಳನ್ನು ಕತ್ತರಿಸುವ ಹೆಂಗಸರ ಮಕ್ಕಳು ಒಂದು ಕಾಳು ಬಾಯಿಗೆ ಹಾಕಿಕೊಂಡವರಲ್ಲ. ಅದೇ ಜನವರಿಯಲ್ಲಿ ಅವನ ಮೊಮ್ಮಗ ರೋಹನನ ಹುಟ್ಟುಹಬ್ಬಕ್ಕೆ ಶಾಲೆಗೆಲ್ಲ ಪೇಢೆ, ಚಾಕಲೇಟು, ತಂಪು ಪಾನೀಯ ಹಂಚುವ ಮಾತು ಬಂದಾಗ ಕಾಶಿಬಾಯಿ ಅವನ ಅಂಗಳಕ್ಕೇ ಹೋಗಿ ನಿಂತಳು.

"ಅಣ್ಣಾರ, ಸಿಟ್ಟ ಮಾಡ್ಕೋಬ್ಯಾಡ್ರಿ. ಪೇಢೆ ಬ್ಯಾಡ್ರಿ. ಹುಡುಗರ ಹಲ್ಲ ನೋಡೀರಲ್ಲ. ನಿಮ್ಮ ತ್ವಾಟದಾಗಿನ ದ್ರಾಕ್ಷಿ ಕೊಡ್ರಿ. ಸಣ್ಣ ಕಾಳ ಇದ್ರೂ ನಡೀತೈತಿ."

ಲಗಮಣ್ಣ ಜೋರಾಗಿ ನಕ್ಕ. "ಹದಿನಾರ ವರ್ಷದಾಗ ಮೊದಲ್ನೇ ಸಲ ಏನರ ಕೇಳಾಕ ಬಂದೀದಿ. ಬರೇ ದ್ರಾಕ್ಷಿ ಏನ? ಹಂಗಾಮ ಮುಗಿಯೂತನ ಶನಿವಾರಕ್ಕೊಮ್ಮೆ ಎಂಟ ಕ್ರೇಟು ಕಳಿಸ್ತೀನಿ, ಹೋಗ."

ಮಾತಿನಂತೆ ನಡೆದ. ಮೊದಲ ಶನಿವಾರ ಮಕ್ಕಳು ಎರಡೂ ಕೈಯಲ್ಲಿ ಗೊಂಚಲು ಹಿಡಿದು ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡವು. ಪೇಪರಿನಲ್ಲಿ ಬಂತು: ಲಗಮಣ್ಣನ ಹೆಸರು, ಮುಖ್ಯಗುರು ಈಶ್ವರ ಮಾಸ್ತರರ ಹೆಸರು. ಕಾಶಿಬಾಯಿಯ ಹೆಸರಿರಲಿಲ್ಲ, ಅದರ ಕಡೆ ಅವಳ ಲಕ್ಷ್ಯವೂ ಇರಲಿಲ್ಲ. ಸೀಮಾ ಪಾಲಿಗೆ ಬಂದ ಗೊಂಚಲಿನಲ್ಲಿ ಅರ್ಧ ತಿಂದು ಅರ್ಧ ತಾಯಿಗೆಂದು ಪಾಟಿಚೀಲದಲ್ಲಿ ಇಟ್ಟುಕೊಂಡಿದ್ದನ್ನು ನೋಡಿ ಅವಳ ಹೊಟ್ಟೆ ತಣ್ಣಗಾಗಿತ್ತು.

ಐದನೆಯ ಶನಿವಾರ ಕ್ರೇಟುಗಳು ತಡವಾಗಿ ಬಂದವು. ಕಾಶಿಬಾಯಿ ಎಂದಿನಂತೆ ಉಪ್ಪುನೀರಿನಲ್ಲಿ ಎರಡು ಸಲ ತೊಳೆದು ಹಂಚಿದಳು. ಅರ್ಧ ಗಂಟೆಯೊಳಗೆ ಒಂದನೆಯ ಇಯತ್ತೆಯ ಹುಡುಗನೊಬ್ಬ ವಾಂತಿ ಮಾಡಿಕೊಂಡ. ಆಮೇಲೆ ಇಬ್ಬರು. ಆಮೇಲೆ ಎಣಿಸಲು ಆಗಲಿಲ್ಲ. ಸೀಮಾ ಹೊಟ್ಟೆ ಹಿಡಿದು ಕಟ್ಟೆಯ ಮೇಲೆ ಮುದುಡಿ ಮಲಗಿದ್ದಳು, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಕಾಶಿಬಾಯಿ ಅವಳನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿದಳು. ಸಿಕ್ಕ ಟೆಂಪೋ ಹತ್ತಿಸಿ, ಹತ್ತೊಂಬತ್ತು ಮಕ್ಕಳನ್ನು ಆಸ್ಪತ್ರೆಗೆ ಮುಟ್ಟಿಸಿದರು.

ಯಾರೂ ಸಾಯಲಿಲ್ಲ. ಸೀಮಾ ನಾಲ್ಕು ದಿನ ಸಲಾಯಿನ್ ಮೇಲಿದ್ದಳು, ಉಳಿದವರು ಎರಡು ದಿನಕ್ಕೆ ಮನೆಗೆ ಬಂದರು. ಆಸ್ಪತ್ರೆಯ ಅಂಗಳದಲ್ಲಿ ರೂಪಾಲಿ ಕಾಶಿಬಾಯಿಯ ಸೆರಗು ಹಿಡಿದು ಎಳೆದಳು. "ನನ್ನ ಚಾಕಲೇಟ ತಿಂದ ಹಲ್ಲಷ್ಟ ಹೋಗಿದ್ದುವು. ನಿನ್ನ ಹಣ್ಣ ತಿಂದ ಜೀವಾನ ಹೋಕ್ಕಿತ್ತು!" ಸುತ್ತ ನಿಂತವರು ಬಿಡಿಸಲಿಲ್ಲ.

ಮೂರನೆಯ ದಿನ ಬಾಳೇಶ ಅವಳ ಗುಡಿಸಲಿಗೆ ಬಂದ. ಲಗಮಣ್ಣನ ತೋಟದಲ್ಲಿ ಔಷಧ ಹೊಡೆಯುವವನು ಅವನೇ. ಒಳಗೆ ಬರದೆ ಹೊಸ್ತಿಲ ಹೊರಗೇ ಕೂತ.

"ಕಾಶಿಬಾಯಿ, ನಿಂದೇನೂ ತಪ್ಪಿಲ್ಲ. ಆ ಹಿಂದಿನ ಸಾಲಿನ ಕಾಯಿ ಪರದೇಶಕ್ಕ ಹೋಗೂದಲ್ಲ, ಮನೂಕಾಕ್ಕ ಇಟ್ಟಿದ್ವಿ. ಹುಳಾ ಬಿದ್ದಿತ್ತು ಅಂತ ಗುರುವಾರ ವಿಷದ ಎಣ್ಣಿ ಹೊಡದಿದ್ದೆ. ಹದಿನೈದ ದಿನಾ ಮುಟ್ಟಬಾರದು ಅಂತ ಡಬ್ಬಿ ಮ್ಯಾಲ ಬರದಿರತೈತಿ. ಶನಿವಾರ ಮುಂಜಾನೆ ಮಾಲಕರು ಅದನ್ನ ಕಡದ ಕಳಸು ಅಂದ್ರು. ಹೇಳೀನಿ ನಾ, ಎಣ್ಣಿ ಹೊಡದೈತಿ ಅಂತ. ತೊಳದ ಕೊಡತಾಳ ತಗೋ ಅಂದ್ರು. ಅದು ತೊಳದ್ರ ಹೋಗೂದಲ್ಲ."

"ಇದನ್ನ ಮಾಸ್ತರ ಮುಂದ ಹೇಳತೀ?"

ಬಾಳೇಶ ತಲೆ ತಗ್ಗಿಸಿದ. "ಇರೂ ಮನೀ ಅವರ ಜಾಗಾದಾಗ ಐತಿ. ನಿನಗ ಗೊತ್ತಿರ್ಲಿ ಅಂತ ಹೇಳಿದೆ ಅಷ್ಟ."

ಅವಳು ಒಬ್ಬಳೇ ಲಗಮಣ್ಣನ ಮನೆಗೆ ಹೋದಳು. ಹಿಂದಿನ ಸಲ ನಿಂತಿದ್ದ ಅದೇ ಅಂಗಳ. ಲಗಮಣ್ಣನ ಮುಖ ಇಳಿದಿತ್ತು. ಆಸ್ಪತ್ರೆಗೆ ಎರಡು ಸಲ ಹೋಗಿ ಬಂದಿದ್ದ, ಮಕ್ಕಳಿಗೆ ಎಳನೀರು ಕೊಡಿಸಿದ್ದ. ಅವಳು ಬಾಯಿ ತೆರೆಯುವ ಮೊದಲೇ ಅವನೇ ಮಾತಾಡಿದ.

"ನೋಡ ಕಾಶಿಬಾಯಿ, ನನ್ನ ಹೆಸರ ಹೊರಗ ಬಂದ್ರ ಈ ವರ್ಷದ ಮಾಲ ಒಬ್ಬರೂ ಮುಟ್ಟೂದಿಲ್ಲ. ನನ್ನದಷ್ಟ ಅಲ್ಲ, ಈ ಭಾಗದ ಎಲ್ಲಾರದೂ ಹೋಗತೈತಿ. ನಲವತ್ತ ಮಂದಿ ಹೆಣ್ಮಕ್ಕಳ ಕೂಲಿ ಹೋಗತೈತಿ. ನೀ ಸರಿ ತೊಳದಿಲ್ಲ ಅಂದ್ರ ಒಬ್ಬಾಕಿದ ಕೆಲಸಾ ಹೋಗತೈತಿ, ಅಷ್ಟ."

"ನಾ ತೊಳದೀನ್ರಿ. ಎರಡ ಸಲ ತೊಳದೀನಿ."

"ತೊಳದಿರಬೇಕು. ಆದ್ರ ಹಣ್ಣ ಕೇಳಾಕ ಬಂದಾಕಿ ನೀನ ಅಲ್ಲ? ನಾ ಪೇಢೆ ಕೊಡಾವ ಇದ್ದೆ."

ಅವಳು ಬಂದ ದಾರಿಯಲ್ಲೇ ತಿರುಗಿ ನಡೆದಳು. ಮರುದಿನ ಈಶ್ವರ ಮಾಸ್ತರರು ಒಂದು ಹಾಳೆ ಮುಂದಿಟ್ಟರು. ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಬರೆದಿತ್ತು. ಮಾಸ್ತರರು ಅವಳ ಮುಖ ನೋಡದೆ ಪೆನ್ನು ಚಾಚಿದರು. "ಇಲ್ಲಂದ್ರ ಪೊಲೀಸ ಕೇಸ ಆಗತೈತಿ ಕಾಶಿಬಾಯಿ. ನಿನ್ನ ಸಲುವಾಗೇ ಹೇಳಾಕತ್ತೀನಿ." ಅವಳು ಓದಿದಳು. ನಿಧಾನಕ್ಕೆ, ಎರಡು ಸಲ. ಆಮೇಲೆ ಸಹಿ ಮಾಡಿದಳು.

ಪಾಲಕರ ಸಭೆ ಕೂತು ಠರಾವು ಮಾಡಿತು: ಹೊರಗಿನ ಹಣ್ಣು ಶಾಲೆಯೊಳಗೆ ಬರಕೂಡದು, ಮಕ್ಕಳಿಗೆ ಹಸಿ ಪದಾರ್ಥ ಯಾವುದೂ ಬೇಡ. ಹಿಂದಿನ ಕೈತೋಟವೂ ಅದರಲ್ಲೇ ಹೋಯಿತು. ಬೇಸಿಗೆಯಲ್ಲಿ ಅಲ್ಲಿ ಫರಸಿ ಕಲ್ಲು ಹಾಕಿ ಕಾರ್ಯಕ್ರಮದ ಕಟ್ಟೆ ಕಟ್ಟಿದರು. ಆಗಸ್ಟ್ ಹದಿನೈದಕ್ಕೆ ಆ ಕಟ್ಟೆಯ ಮೇಲೆ ನಿಂತು ಲಗಮಣ್ಣ ಮಕ್ಕಳಿಗೆ ಚಾಕಲೇಟು ಪಾಕೀಟು ಹಂಚಿದ. "ಪಾಕೀಟಿನ ಮ್ಯಾಲ ತಾರೀಖ ಇರತೈತ್ರಿ, ಚಿಂತಿ ಇಲ್ಲ" ಎಂದರಂತೆ ಮಾಸ್ತರರು.

ಕಾಶಿಬಾಯಿ ಈಗ ಮನೂಕಾ ಶೆಡ್ಡಿನಲ್ಲಿ ಕೂತು ಒಣದ್ರಾಕ್ಷಿ ಆರಿಸುತ್ತಾಳೆ. ಅಲ್ಲಿ ಪಕ್ಕದಲ್ಲಿ ಕೂತ ಹೆಂಗಸರಲ್ಲಿ ಹೆಚ್ಚಿನವರು ಆ ಶಾಲೆಯ ತಾಯಂದಿರೇ. ಮೊದಮೊದಲು ಮಾತು ಬಿಟ್ಟಿದ್ದರು, ಈಗ ಬರಿ ಕೆಲಸದ ಮಾತು ಆಡುತ್ತಾರೆ. ಬಾಳೇಶನ ಮಾತನ್ನು ಅವಳು ಒಬ್ಬರ ಮುಂದೆಯೂ ಆಡಿಲ್ಲ. ಆಡಿದರೆ ಅವನ ಮನೆ ಹೋಗುತ್ತದೆ, ತನ್ನ ಸೌಟು ತಿರುಗಿ ಬರುವುದಿಲ್ಲ ಎಂಬುದು ಅವಳ ಲೆಕ್ಕ.

ಹೋದ ತಿಂಗಳು ಸಂತೆಯಲ್ಲಿ ಸೀಮಾ ಎದುರಾದಳು. ಎತ್ತರವಾಗಿದ್ದಳು, ಮುಂದೆ ಹೊಸ ಹಲ್ಲು ಬಂದಿದ್ದವು. ಅವುಗಳ ಸಂದಿಯಲ್ಲೂ ಆಗಲೇ ಕಂದು ಗೆರೆ. ಕಾಶಿಬಾಯಿ ಚೀಲದಿಂದ ಒಂದು ಪೇರಲಕಾಯಿ ತೆಗೆದು ಚಾಚಿದಳು. "ತಗೋ ಕೂಸ."

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು ತಾಯಿಯ ಸೀರೆ ಹಿಡಿದುಕೊಂಡಳು. "ಬ್ಯಾಡ ಆಯಿ. ಹಣ್ಣ ತಿಂದ್ರ ಸಾಯ್ತಾರ."

ಹಾಗನ್ನಬಾರದೆಂದು ರೂಪಾಲಿ ಮಗಳಿಗೆ ಹೇಳಲಿಲ್ಲ. ಕಾಶಿಬಾಯಿಯ ಕಡೆ ಒಮ್ಮೆ ನೋಡಿ, ಮಗಳ ಕೈ ಹಿಡಿದು ಬಳೆ ಅಂಗಡಿಯತ್ತ ಹೊರಟಳು. ಕಾಶಿಬಾಯಿ ಪೇರಲಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಗದ್ದಲದಲ್ಲಿ ಮರೆಯಾಗುವತನಕ ನಿಂತಿದ್ದಳು.