ಹಾವಿನ ಪೆಟ್ಟಿಗೆಯ ತೇವ

ಸ್ಟರ್ಲಿಂಗ್‌ನ ಮಗಳ ಮನೆಯಲ್ಲಿ ಮೊಮ್ಮಗಳು ಸಾಕಿದ್ದ ಹಾವಿನ ಪೊರೆ ಪೂರ್ತಿ ಕಳಚದೆ ಕಣ್ಣಿಗೇ ಅಂಟಿಕೊಂಡಿತ್ತು. ಕುರುಡಾಗುತ್ತದೆಂದು ಅವಳು ಅಳುತ್ತಿದ್ದಳು. ತೇವ ಕಡಿಮೆಯಾದರೆ ಹೀಗಾಗುತ್ತದಂತೆ; ಗಾಜಿನ ಪೆಟ್ಟಿಗೆಯೊಳಗಿನ ತೇವದ ಮೀಟರು ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿತ್ತು.

ಮೀಟರನ್ನು ಪರೀಕ್ಷಿಸಲು ಅವಳು ಒದ್ದೆ ಉಪ್ಪಿನ ಜೊತೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟಳು. ಮೀಟರು ಸರಿಯಿದ್ದರೆ ಮಾರನೆಯ ದಿನ ಎಪ್ಪತ್ತೈದು ತೋರಿಸಬೇಕಂತೆ. ನನ್ನ ಮಗಳು ಆ ಉಪ್ಪನ್ನು ನಾನು ಹಾವಿಗೆ ದೃಷ್ಟಿ ತೆಗೆದಿಟ್ಟದ್ದು ಎಂದುಕೊಂಡು ಸಿಂಕಿಗೆ ಸುರಿದಳು.

“ಹಾವಿಗೆ ಯಾರೇ ದೃಷ್ಟಿ ತೆಗೀತಾರೆ?” ಎಂದೆ.

“ನೀನು ಕಾರಿಗೇ ತೆಗೀತೀಯಲ್ಲಮ್ಮ!” ಎಂದಳು ಮಗಳು.

“ಮಾಮ್, ಅದು ನನ್ನ ಟೆಸ್ಟ್!” ಎಂದು ಮೊಮ್ಮಗಳು ಕಿರುಚಿದಳು.

ನಾನೇ ಮತ್ತೆ ಉಪ್ಪು ನೆನೆಸಿಕೊಟ್ಟೆ. ಮಾರನೆಯ ದಿನ ಮೀಟರು ತೊಂಬತ್ತು ತೋರಿಸಿತು. ಅದು ಇರುವುದಕ್ಕಿಂತ ಹೆಚ್ಚು ತೇವ ಹೇಳುತ್ತಿತ್ತು, ಹಾವು ಒಣಗುತ್ತಿತ್ತು. ಅವಳು ಸ್ಕೂಲಿಗೆ ಹೋದಾಗಲೆಲ್ಲ ಪೆಟ್ಟಿಗೆಗೆ ಒದ್ದೆ ಬಟ್ಟೆ ಹಾಸುವ ಕೆಲಸ ನನ್ನದಾಯಿತು. ಕೊನೆಗೆ ಹಾವಿನ ಕಣ್ಣಿನ ಮೇಲಿನ ಪೊರೆ ಬಿಟ್ಟಿತು. ನನಗೆ ಸೊಂಟ ಹಿಡಿದುಕೊಂಡಿತು.